ಸಿಯಾಟಲ್ ನಗರಾಡಳಿತ ಮತ್ತು ವರ್ಣಭೇದ: ಬೀದಿದೀಪದಿಂದ ಜಾತಿ ತಾರತಮ್ಯದ ನಿಷೇಧದವರೆಗೆ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ, ವಾಷಿಂಗ್ಟನ್ ಸರೋವರದ ದಂಡೆಯ ಮೇಲೆ ಲಾರೆಲ್‌ಹರ್ಸ್ಟ್ ಎಂಬ ಸಿರಿವಂತರ ಬಡಾವಣೆಯಿದೆ. ಅದೇ ನಗರದ ದಕ್ಷಿಣದ ಅಂಚಿನಲ್ಲಿ, ಕಾರ್ಖಾನೆಗಳ ನಡುವೆ ಹರಿಯುವ ಡುವಾಮಿಷ್ ನದಿಯ ಇಕ್ಕೆಲಗಳಲ್ಲಿ, ಸೌತ್ ಪಾರ್ಕ್ ಮತ್ತು ಜಾರ್ಜ್‌ಟೌನ್ ಎಂಬ ಬಡಾವಣೆಗಳಿವೆ. ಈ ನದಿಯ ಕೆಳಭಾಗವನ್ನು ಅಮೆರಿಕದ ಕೇಂದ್ರ ಸರ್ಕಾರ 2001ರಲ್ಲೇ ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿದೆ. 2013ರಲ್ಲಿ ಪ್ರಕಟವಾದ ಆರೋಗ್ಯ ಅಧ್ಯಯನವೊಂದು ನಗರದ ಈ ಎರಡು ತುದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ನದಿ ದಂಡೆಯವರ ನಿರೀಕ್ಷಿತ ಆಯುಷ್ಯ ಸರೋವರದ ದಂಡೆಯವರದಕ್ಕಿಂತ 13 ವರ್ಷ ಕಡಿಮೆಯಿತ್ತು. ಎರಡೂ ಕಡೆಗೆ ಒಬ್ಬರೇ ಮೇಯರ್, ಒಂದೇ ನಗರ ಪರಿಷತ್ತು, ಒಂದೇ ಕಾನೂನು. ಮೈಬಣ್ಣ ನೋಡಿ ಸೌಲಭ್ಯ ಹಂಚಿರಿ ಎಂದು ಹೇಳುವ ಒಂದು ನಿಯಮವೂ ಇವತ್ತು ಆ ನಗರದ ಪುಸ್ತಕದಲ್ಲಿಲ್ಲ. ಆದರೂ ಅಂತರ ಹಾಗೆಯೇ ಇದೆ.

ವ್ಯವಸ್ಥೆಯಲ್ಲಿ ಬೇರುಬಿಟ್ಟ ವರ್ಣಭೇದವೆಂದರೆ ಇಂಥದ್ದು. ಅಂಗಡಿಯೊಳಗೆ ಬಿಟ್ಟುಕೊಳ್ಳದ ಮಾಲೀಕನಿದ್ದರೆ ಅವನ ಮೇಲೆ ದಾವೆ ಹೂಡಬಹುದು, ಬಣ್ಣ ನೋಡಿ ಬಡ್ತಿ ತಪ್ಪಿಸಿದ ಅಧಿಕಾರಿಯಿದ್ದರೆ ಅವನನ್ನು ಅಮಾನತು ಮಾಡಬಹುದು. ಆದರೆ ಯಾವ ಜಾಗದಲ್ಲಿ ಕಾರ್ಖಾನೆ, ಯಾವ ಜಾಗದಲ್ಲಿ ಉದ್ಯಾನ, ಯಾರಿಗೆ ಗೃಹಸಾಲ, ಯಾರಿಗೆ ಇಲ್ಲ ಎಂಬುದನ್ನು ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ತೀರ್ಮಾನಿಸಿದವರು ಸತ್ತುಹೋಗಿದ್ದಾರೆ. ತೀರ್ಮಾನಗಳು ಮಾತ್ರ ಜಮೀನಿನ ಬೆಲೆಯಾಗಿ, ಶಾಲೆಯ ಗುಣಮಟ್ಟವಾಗಿ, ಕುಟುಂಬದ ಆಸ್ತಿಯಾಗಿ ಮುಂದಿನ ತಲೆಮಾರುಗಳಿಗೆ ಹರಿದುಬಂದಿವೆ. ಆರೋಪಿಯೇ ಇಲ್ಲದ ಇಂಥ ಅನ್ಯಾಯವನ್ನು ಒಂದು ನಗರಾಡಳಿತ ಹೇಗೆ ಸರಿಪಡಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಅಮೆರಿಕದ ನಗರಗಳ ಪೈಕಿ ಸಿಯಾಟಲ್ ಎಲ್ಲರಿಗಿಂತ ಮುಂಚಿನದು. ಅಲ್ಲಿನ ಎರಡು ದಶಕಗಳ ಅನುಭವದಲ್ಲಿ ಕಲಿಯಬೇಕಾದದ್ದೂ ಇದೆ, ಅನುಮಾನ ಪಡಬೇಕಾದದ್ದೂ ಇದೆ.

ಮೊದಲು ಆ ಅಂತರ ಹುಟ್ಟಿದ ಬಗೆಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸಿಯಾಟಲ್‌ನ ಹೊಸ ಬಡಾವಣೆಗಳ ನಿವೇಶನಗಳನ್ನು ಮಾರುವಾಗ ಕ್ರಯಪತ್ರದಲ್ಲೇ ಒಂದು ಷರತ್ತನ್ನು ಸೇರಿಸುವ ಪದ್ಧತಿ ವ್ಯಾಪಕವಾಗಿತ್ತು. ಬಿಳಿಯರಲ್ಲದವರಿಗೆ ಈ ಸ್ವತ್ತನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಅವರು ಇಲ್ಲಿ ವಾಸಿಸಬಾರದು ಎಂಬುದು ಅದರ ಸಾರ. ಇಂಥ ಹಲವು ಪತ್ರಗಳಲ್ಲಿ ಒಂದು ವಿನಾಯಿತಿಯೂ ಇರುತ್ತಿತ್ತು: ಮನೆಗೆಲಸದವರಾಗಿ ಇರುವುದಾದರೆ ಅಡ್ಡಿಯಿಲ್ಲ. ವಿಮಾನ ತಯಾರಿಕೆಯಿಂದ ಹೆಸರಾದ ವಿಲಿಯಂ ಬೋಯಿಂಗ್ ನಗರದ ಉತ್ತರಕ್ಕೆ ಮಾಡಿಸಿದ ಬಡಾವಣೆಗಳ ಪತ್ರಗಳಲ್ಲೂ ಈ ಷರತ್ತು ಇತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ಹಳೆಯ ನೋಂದಣಿ ಕಡತಗಳನ್ನು ಹುಡುಕಿ ಇವುಗಳನ್ನು ಒಂದೊಂದಾಗಿ ಹೊರತೆಗೆದಿದ್ದಾರೆ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಈ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪು ನೀಡಿತು. ಆದರೆ ಮಾರುವವನೇ ಮಾರಲೊಲ್ಲದಿದ್ದರೆ ಆ ತೀರ್ಪಿನಿಂದ ಕೊಳ್ಳುವವನಿಗೆ ಹೆಚ್ಚಿನ ಪ್ರಯೋಜನವಿರಲಿಲ್ಲ.

ಇನ್ನೊಂದು ಕಡೆಯಿಂದ ಸಾಲದ ಬಾಗಿಲೂ ಮುಚ್ಚಿತು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ದೇಶದ ನಗರಗಳ ನಕ್ಷೆ ತಯಾರಿಸಿ, ಸಾಲ ಕೊಡಲು ಯಾವ ಪ್ರದೇಶ ಸುರಕ್ಷಿತ, ಯಾವುದು ಅಪಾಯಕರ ಎಂದು ಬಣ್ಣ ಬಳಿದು ಗುರುತಿಸಿತು. ಸಿಯಾಟಲ್‌ನ ನಕ್ಷೆ 1936ರದು. ಕಪ್ಪು ಜನರು ನೆಲೆಸಬಹುದಾಗಿದ್ದ ಕೆಲವೇ ಪ್ರದೇಶಗಳಲ್ಲಿ ಮುಖ್ಯವಾದ ಸೆಂಟ್ರಲ್ ಡಿಸ್ಟ್ರಿಕ್ಟ್‌ಗೆ ಅದರಲ್ಲಿ ಕೆಂಪು ಬಣ್ಣ ಬಿತ್ತು. ಷರತ್ತಿನಿಂದಾಗಿ ಬೇರೆಡೆ ಮನೆ ಕೊಳ್ಳುವಂತಿಲ್ಲ, ಕೆಂಪು ಬಣ್ಣದಿಂದಾಗಿ ಇದ್ದಲ್ಲಿ ಸಾಲ ಸಿಗುವುದಿಲ್ಲ. ಮಧ್ಯಮ ವರ್ಗದ ಅಮೆರಿಕನ್ ಕುಟುಂಬಕ್ಕೆ ಆಸ್ತಿಯೆಂದರೆ ಬಹುಮಟ್ಟಿಗೆ ಮನೆಯೇ ಆಗಿರುವುದರಿಂದ, ಬಿಳಿಯರ ಮಕ್ಕಳು ಬೆಲೆ ಏರಿದ ಮನೆಗಳನ್ನು ಪಿತ್ರಾರ್ಜಿತವಾಗಿ ಪಡೆದರು, ಕಪ್ಪು ಜನರ ಮಕ್ಕಳು ಬಾಡಿಗೆ ರಸೀದಿಗಳನ್ನು ಪಡೆದರು.

ಈ ಕಥೆಯಲ್ಲಿ ನಗರದ ಮತದಾರರ ಪಾಲೂ ಇದೆ. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನನ್ನು 1964ರ ಮಾರ್ಚ್‌ನಲ್ಲಿ ಜನಮತಕ್ಕೆ ಹಾಕಿದಾಗ ಸಿಯಾಟಲ್ ಅದನ್ನು ಎರಡಕ್ಕೆ ಒಂದಕ್ಕಿಂತಲೂ ಹೆಚ್ಚಿನ ಅಂತರದಿಂದ ಸೋಲಿಸಿತು. ಉದಾರವಾದಿ ಎಂದು ತನ್ನನ್ನು ಕರೆದುಕೊಳ್ಳುವ ನಗರ ಇದನ್ನು ನೆನೆಯಲು ಅಷ್ಟಾಗಿ ಇಷ್ಟಪಡುವುದಿಲ್ಲ. 1967ರಲ್ಲಿ ಪರಿಷತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯ ಸ್ಯಾಮ್ ಸ್ಮಿತ್ ಅವರು ಅದೇ ಕಾನೂನನ್ನು ಮತ್ತೆ ಮಂಡಿಸಿ, 1968ರ ಏಪ್ರಿಲ್ 19ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಹದಿನೈದನೆಯ ದಿನ, ಅಂಗೀಕಾರ ಪಡೆದರು. ಅಲ್ಲಿಂದ ಮುಂದೆ ಬಾಗಿಲು ಕಾನೂನಿನ ಮಟ್ಟಿಗೆ ತೆರೆದಿತ್ತು. ತೆರೆದ ಬಾಗಿಲಿನ ಮೂಲಕ ಹೋಗಲು ಬೇಕಾದ ಹಣ ಮಾತ್ರ ಅಷ್ಟರಲ್ಲಿ ಬೇರೆಯವರ ಕೈ ಸೇರಿತ್ತು.

2001ರ ಚುನಾವಣೆಯಲ್ಲಿ ಗೆದ್ದು ಮೇಯರ್ ಆದ ಗ್ರೆಗ್ ನಿಕಲ್ಸ್ ಅವರ ಆಡಳಿತ 2004–05ರಲ್ಲಿ ‘ಜನಾಂಗೀಯ ಮತ್ತು ಸಾಮಾಜಿಕ ನ್ಯಾಯ ಉಪಕ್ರಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಹೊಸತನ ಒಂದು ವಿಷಯದಲ್ಲಿತ್ತು. ಅಲ್ಲಿಯವರೆಗೆ ನಗರಗಳು ವರ್ಣಭೇದದ ಬಗ್ಗೆ ಮಾತಾಡುವಾಗ ಹೊರಗಿನವರತ್ತ, ಅಂದರೆ ಮನೆಮಾಲೀಕರು, ಕಂಪನಿಗಳು, ಹೋಟೆಲುಗಳತ್ತ ಬೊಟ್ಟು ಮಾಡುತ್ತಿದ್ದವು. ಸಿಯಾಟಲ್ ತನ್ನ ಇಲಾಖೆಗಳತ್ತಲೇ ತಿರುಗಿತು. ಟೆಂಡರ್ ಯಾರಿಗೆ ಹೋಗುತ್ತಿದೆ, ನೇಮಕಾತಿಯ ಅರ್ಹತಾ ಷರತ್ತು ಯಾರನ್ನು ಹೊರಗಿಡುತ್ತಿದೆ, ಸಾರ್ವಜನಿಕ ಅಹವಾಲು ಸಭೆ ಯಾವ ಹೊತ್ತಿಗೆ, ಯಾವ ಭಾಷೆಯಲ್ಲಿ ನಡೆಯುತ್ತಿದೆ, ಪಾದಚಾರಿ ಮಾರ್ಗ ಮೊದಲು ಯಾವ ಬೀದಿಗೆ ಬರುತ್ತದೆ ಎಂಬ ದಿನನಿತ್ಯದ ತೀರ್ಮಾನಗಳೇ ಪರಿಶೀಲನೆಯ ವಿಷಯವಾದವು. ಪ್ರತಿ ಇಲಾಖೆಯಲ್ಲಿ ನೌಕರರದೇ ಒಂದು ಬದಲಾವಣಾ ತಂಡ, ಎಲ್ಲವನ್ನೂ ಹೊಂದಿಸಲು ನಾಗರಿಕ ಹಕ್ಕುಗಳ ಕಚೇರಿ, ಎಲ್ಲ ನೌಕರರಿಗೂ ತರಬೇತಿ ಎಂಬುದು ಏರ್ಪಾಡು.

ಬೀದಿದೀಪದ ಉದಾಹರಣೆಯೊಂದನ್ನು ಈ ಕಾರ್ಯಕ್ರಮದವರು ಆಗಾಗ ಕೊಡುತ್ತಾರೆ, ಮತ್ತು ಇಡೀ ವಿಚಾರವನ್ನು ಅರ್ಥ ಮಾಡಿಕೊಳ್ಳಲು ಅದು ಸಾಕು. ನಗರದ ಸ್ವಂತ ವಿದ್ಯುತ್ ಸಂಸ್ಥೆಯಾದ ಸಿಯಾಟಲ್ ಸಿಟಿ ಲೈಟ್, ಕೆಟ್ಟ ದೀಪಗಳನ್ನು ದೂರು ಬಂದ ಕ್ರಮದಲ್ಲಿ ಬದಲಾಯಿಸುತ್ತಿತ್ತು. ಇದಕ್ಕಿಂತ ನಿಷ್ಪಕ್ಷಪಾತವಾದ ನಿಯಮ ಯಾವುದಿದ್ದೀತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ದೂರು ಕೊಡುವುದು ಯಾರು? ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಹಗಲು ಹೊತ್ತು ಫೋನ್ ಹಿಡಿದು ಕಾಯಲು ಬಿಡುವಿರುವವರು, ತಾವು ಹೇಳಿದರೆ ಕೆಲಸ ಆಗುತ್ತದೆಂಬ ನಂಬಿಕೆಯಿರುವವರು, ಸರ್ಕಾರಿ ಕಚೇರಿಗೆ ವಿಳಾಸ ಕೊಡಲು ಹೆದರದವರು. ಎರಡು ಪಾಳಿ ದುಡಿಯುವ ವಲಸಿಗ ಕುಟುಂಬಗಳ ಬೀದಿಯಲ್ಲಿ ದೀಪ ಕೆಟ್ಟರೆ ಕೆಟ್ಟೇ ಇರುತ್ತಿತ್ತು, ಸಂಸ್ಥೆಯ ಕಡತದಲ್ಲಿ ಆ ಬೀದಿಗೆ ಸಮಸ್ಯೆಯೇ ಇಲ್ಲವೆಂದು ಕಾಣುತ್ತಿತ್ತು. ನಿಯಮವನ್ನು ಬದಲಾಯಿಸಿ, ದೂರಿಗೆ ಕಾಯದೆ ಸರದಿಯ ಪ್ರಕಾರ ಪ್ರದೇಶವಾರು ದೀಪ ಬದಲಾಯಿಸುವ ಪದ್ಧತಿಯನ್ನು ತಂದರು. ಲೈನ್‌ಮನ್‌ಗಳಲ್ಲಿ ಒಬ್ಬನೂ ವರ್ಣದ್ವೇಷಿಯಾಗಿರಬೇಕಾಗಿರಲಿಲ್ಲ. ಅವರಲ್ಲಿ ಒಬ್ಬನ ಮನಸ್ಸೂ ಬದಲಾಗಬೇಕಾಗಿರಲಿಲ್ಲ.

ಇಂಥ ಪರಿಶೀಲನೆಯನ್ನು ಎಲ್ಲೆಡೆಗೆ ಹರಡಲು ನಗರವು ಒಂದು ಪ್ರಶ್ನಾವಳಿಯನ್ನು ರೂಪಿಸಿತು. ಹೊಸ ಯೋಜನೆ, ನೀತಿ ಅಥವಾ ಬಜೆಟ್ ಪ್ರಸ್ತಾವವನ್ನು ಮುಂದಿಡುವ ಇಲಾಖೆ ಮೊದಲು ತಾನು ಯಾವ ಫಲಿತಾಂಶ ಬಯಸುತ್ತೇನೆ ಎಂದು ಬರೆಯಬೇಕು. ಬಾಧಿತರಾಗುವ ಜನರನ್ನು ಕೇಳಿ ಅಂಕಿಅಂಶ ಕಲೆಹಾಕಬೇಕು. ಲಾಭ ಯಾರಿಗೆ, ಹೊರೆ ಯಾರಿಗೆ ಎಂದು ಬಿಡಿಸಿ ಹೇಳಬೇಕು. ಹಾನಿ ತಗ್ಗಿಸಲು ಏನು ಮಾಡುತ್ತೇನೆಂದು ತಿಳಿಸಬೇಕು. ಆಮೇಲೆ ಆದದ್ದೇನೆಂದು ವರದಿ ಒಪ್ಪಿಸಬೇಕು. 2009ರಲ್ಲಿ ನಗರ ಪರಿಷತ್ತು ನಿರ್ಣಯವೊಂದರ ಮೂಲಕ ಈ ಕ್ರಮಕ್ಕೆ ಬೆಂಬಲ ನೀಡಿತು. ನಂತರ ಬಂದ ಮೇಯರ್‌ಗಳು ಆಡಳಿತಾತ್ಮಕ ಆದೇಶಗಳ ಮೂಲಕ ಅದನ್ನು ಮುಂದುವರಿಸಿದರು, ಮತ್ತು 2023ರಲ್ಲಿ ಅದು ನಗರದ ಕಾನೂನಿನ ಭಾಗವೇ ಆಯಿತು. ಇಲ್ಲಿ ದುಡಿದ ಅಧಿಕಾರಿಗಳಾದ ಜೂಲಿ ನೆಲ್ಸನ್ ಮತ್ತು ಗ್ಲೆನ್ ಹ್ಯಾರಿಸ್ ಅವರ ಮೂಲಕ ಈ ಮಾದರಿ ದೇಶದ ಇತರ ನಗರಾಡಳಿತಗಳಿಗೂ ಹಬ್ಬಿತು. 2014ರಲ್ಲಿ ಅದಕ್ಕೆಂದೇ ಸ್ಥಳೀಯ ಸರ್ಕಾರಗಳ ಒಕ್ಕೂಟವೊಂದು ಹುಟ್ಟಿಕೊಂಡಿತು.

ಸರ್ಕಾರಿ ನಮೂನೆಗಳ ಗತಿ ಕಂಡ ನಮಗೆ ಇಲ್ಲಿ ಅನುಮಾನ ಬರುವುದು ಸಹಜ, ಅದು ಸರಿಯೂ ಹೌದು. ಯೋಜನೆ ಮೊದಲೇ ತೀರ್ಮಾನವಾಗಿ, ಪ್ರಶ್ನಾವಳಿಯನ್ನು ಕೊನೆಯ ವಾರ ಭರ್ತಿ ಮಾಡಿ ಕಡತಕ್ಕೆ ಸೇರಿಸಿದರೆ ಅದರಿಂದ ಏನೂ ಆಗುವುದಿಲ್ಲ. ಬೀದಿದೀಪದ ವಿಷಯದಲ್ಲಿ ಕೆಲಸ ಮಾಡಿದ್ದು ಪ್ರಶ್ನೆಯಲ್ಲ, ಪ್ರಶ್ನೆಯ ನಂತರ ಬದಲಾದ ನಿಯಮ. ಸಿಯಾಟಲ್‌ನ ಕಾರ್ಯಕ್ರಮದಲ್ಲಿ ತರಬೇತಿ ಮತ್ತು ನಮೂನೆಗಳಿಗೆ ಸಿಕ್ಕ ಗಮನ ನಿಯಮಗಳ ಬದಲಾವಣೆಗೆ ಸಿಕ್ಕದ್ದಕ್ಕಿಂತ ಹೆಚ್ಚಾಯಿತೆಂಬುದು ನನ್ನ ಅಭಿಪ್ರಾಯ; ಸದ್ದು ಮಾಡಿದ್ದೂ, ವಿರೋಧ ಎದುರಿಸಿದ್ದೂ ತರಬೇತಿಯೇ.

ಭಾರತದ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ಸುತ್ತು ಬಳಸುವ ಬದಲು ನೇಮಕಾತಿಯಲ್ಲಿ, ಗುತ್ತಿಗೆಯಲ್ಲಿ ಮೀಸಲಾತಿಯನ್ನೇ ತರಬಹುದಿತ್ತಲ್ಲ? ತರಲು ಸಾಧ್ಯವಿರಲಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲಿ ‘ಇನಿಶಿಯೇಟಿವ್ 200’ ಎಂಬ ಜನಮಸೂದೆಯನ್ನು ನೂರಕ್ಕೆ 58ರಷ್ಟು ಮತಗಳಿಂದ ಅಂಗೀಕರಿಸಿ, ಸರ್ಕಾರಿ ಉದ್ಯೋಗ, ಶಿಕ್ಷಣ ಮತ್ತು ಗುತ್ತಿಗೆಗಳಲ್ಲಿ ಜನಾಂಗ ಅಥವಾ ಲಿಂಗದ ಆಧಾರದ ಮೇಲೆ ಯಾರಿಗೂ ಆದ್ಯತೆ ನೀಡುವಂತಿಲ್ಲ ಎಂದು ವಿಧಿಸಿದರು. ಅದನ್ನು ತೆಗೆದುಹಾಕಲು ಶಾಸನಸಭೆ 2019ರಲ್ಲಿ ಮಾಡಿದ ಪ್ರಯತ್ನವನ್ನೂ ಜನಮತದಲ್ಲಿ ಕೂದಲೆಳೆಯ ಅಂತರದಿಂದ ಸೋಲಿಸಿದರು. ನಮ್ಮ ಸಂವಿಧಾನ ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಹೆಸರಿಟ್ಟೇ ಪಾಲು ಕೊಡಲು ಅವಕಾಶ ಮಾಡಿಕೊಟ್ಟಿದೆ. ಸಿಯಾಟಲ್ ಕೈಗೆ ಆ ಉಪಕರಣ ಇಲ್ಲ. ಆದ್ದರಿಂದ ಅದು ಅನ್ಯಾಯವನ್ನು ಬಣ್ಣದ ಹೆಸರಿನಲ್ಲಿ ಅಳೆಯಬಹುದು, ಪರಿಹಾರವನ್ನು ಮಾತ್ರ ಬಣ್ಣದ ಹೆಸರು ಹೇಳದೆ ಕೊಡಬೇಕು.

ಈ ಇಕ್ಕಟ್ಟಿನಲ್ಲಿ ಹುಟ್ಟಿದ ಕೆಲವು ಉಪಾಯಗಳು ಜಾಣತನದಿಂದ ಕೂಡಿವೆ. 2015ರ ‘ಪ್ರಯಾರಿಟಿ ಹೈರ್’ ಕಾನೂನಿನ ಪ್ರಕಾರ, 50 ಲಕ್ಷ ಡಾಲರ್ ಅಥವಾ ಅದಕ್ಕಿಂತ ದೊಡ್ಡ ನಗರ ಕಾಮಗಾರಿಗಳಲ್ಲಿ ಗುತ್ತಿಗೆದಾರರು ಒಂದು ಪಾಲು ಕೆಲಸವನ್ನು ಆರ್ಥಿಕ ಸಂಕಷ್ಟದ ಪ್ರದೇಶಗಳಲ್ಲಿ ವಾಸಿಸುವ ಕಾರ್ಮಿಕರಿಗೆ ಕೊಡಬೇಕು. ಆ ಪ್ರದೇಶಗಳನ್ನು ಗುರುತಿಸುವುದು ನಮ್ಮ ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆಗಳಿಂದ. ಹಿಂದಿನವರು ಕ್ರಯಪತ್ರದ ಮೂಲಕ ಜನರನ್ನು ಬಣ್ಣದ ಪ್ರಕಾರ ಬೇರೆ ಬೇರೆ ಅಂಚೆ ಸಂಖ್ಯೆಗಳಿಗೆ ಹಂಚಿದ್ದರಿಂದಲೇ ಇಂದು ಅಂಚೆ ಸಂಖ್ಯೆ ಆ ಬಣ್ಣದ ಬದಲಿಗೆ ನಿಲ್ಲಬಲ್ಲದು. ಆದರೆ ಈ ಉಪಾಯಕ್ಕೆ ಆಯುಷ್ಯದ ಮಿತಿಯಿದೆ. ಬಾಡಿಗೆ ಏರಿ ಹಳೆಯ ನಿವಾಸಿಗಳು ಊರಾಚೆ ಹೋದಂತೆ ಪಟ್ಟಿಯೂ ಅವರನ್ನು ಹಿಂಬಾಲಿಸಬೇಕು; ಅದಕ್ಕಾಗಿಯೇ ಸಿಯಾಟಲ್ ಸೇರಿರುವ ಕಿಂಗ್ ಕೌಂಟಿ ಎಂಬ ಜಿಲ್ಲೆಯಲ್ಲಿ ನಗರದ ಹೊರಗಿರುವ ಪ್ರದೇಶಗಳನ್ನೂ ಅದರಲ್ಲಿ ಸೇರಿಸಿದ್ದಾರೆ.

ಬಾಡಿಗೆ ಮನೆಗಳ ವಿಷಯದಲ್ಲಿ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹುಡುಕಿದವರಿಗೆ ‘ನೀವು ಯಾವ ಜನ?’ ಎಂಬ ಪ್ರಶ್ನೆಯ ಅನುಭವವಿರುತ್ತದೆ. ಕೇಳದೆಯೇ ‘ನೆಂಟರಿಗೆ ಮಾತು ಕೊಟ್ಟುಬಿಟ್ಟಿದ್ದೇವೆ’ ಎಂದು ಸಾಗಹಾಕುವ ಮಾಲೀಕರೂ ಉಂಟು. ಸಿಯಾಟಲ್‌ನ ನಾಗರಿಕ ಹಕ್ಕುಗಳ ಕಚೇರಿ ಇಂಥ ನುಣುಚಿಕೊಳ್ಳುವಿಕೆಯನ್ನು ಹಿಡಿಯಲು ಜೋಡಿ ಪರೀಕ್ಷಕರನ್ನು ಕಳಿಸುತ್ತದೆ. ಆದಾಯ, ಉದ್ಯೋಗ, ಕೇಳುವ ಪ್ರಶ್ನೆಗಳು ಎಲ್ಲವೂ ಒಂದೇ. ಒಬ್ಬರು ಬಿಳಿಯರು, ಇನ್ನೊಬ್ಬರು ಕಪ್ಪು ಬಣ್ಣದವರು. ಒಬ್ಬರಿಗೆ ಮೂರು ಮನೆ ತೋರಿಸಿ ಇನ್ನೊಬ್ಬರಿಗೆ ಒಂದೇ ತೋರಿಸಿದರೆ, ಒಬ್ಬರಿಗೆ ಹೇಳದ ಹಿನ್ನೆಲೆ ತಪಾಸಣೆಯನ್ನು ಇನ್ನೊಬ್ಬರಿಗೆ ಹೇಳಿದರೆ, ಅದು ದಾಖಲಾಗುತ್ತದೆ. ಬಂದವರಿಗೆ ಪ್ರತ್ಯೇಕವಾಗಿ ಇದು ಗೊತ್ತಾಗುವ ಸಾಧ್ಯತೆಯೇ ಇಲ್ಲ, ಏಕೆಂದರೆ ಮಾತು ಎರಡೂ ಕಡೆ ನಯವಾಗಿಯೇ ಇರುತ್ತದೆ. ದೂರುದಾರರು ಯಾರೂ ಬಾರದಿದ್ದರೂ ಕಚೇರಿಯ ನಿರ್ದೇಶಕರು ತಾವಾಗಿಯೇ ಪ್ರಕರಣ ದಾಖಲಿಸಬಹುದು, ದಾಖಲಿಸಿದ್ದೂ ಇದೆ.

2016ರಲ್ಲಿ ಬಂದ ಇನ್ನೊಂದು ನಿಯಮ ಸರಳವಾದದ್ದು: ಮಾಲೀಕರು ಬಾಡಿಗೆದಾರರಿಗೆ ಬೇಕಾದ ಅರ್ಹತೆಗಳನ್ನು ಮೊದಲೇ ಪ್ರಕಟಿಸಬೇಕು, ಅರ್ಜಿಗಳನ್ನು ಬಂದ ಕ್ರಮದಲ್ಲಿ ನೋಡಬೇಕು, ಅರ್ಹತೆಯುಳ್ಳ ಮೊದಲ ಅರ್ಜಿದಾರರಿಗೇ ಮನೆ ಕೊಡಬೇಕು. ‘ಯಾಕೋ ಇವರು ಹೊಂದಿಕೊಳ್ಳುವುದಿಲ್ಲ ಅನ್ನಿಸಿತು’ ಎಂಬ ಕಾರಣಕ್ಕೆ ಜಾಗವಿರಬಾರದು ಎಂಬುದು ಉದ್ದೇಶ. ಮಾಲೀಕರು ನ್ಯಾಯಾಲಯಕ್ಕೆ ಹೋದರು, ಕೆಳ ನ್ಯಾಯಾಲಯದಲ್ಲಿ ಗೆದ್ದರು, 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. ಅಪರಾಧ ಹಿನ್ನೆಲೆಯ ಕಾರಣಕ್ಕೆ ಮನೆ ನಿರಾಕರಿಸುವುದನ್ನು ತಡೆಯುವ 2017ರ ಕಾನೂನಿಗೆ ಅಷ್ಟು ಅದೃಷ್ಟವಿರಲಿಲ್ಲ. ಕಪ್ಪು ಜನರು ಹೆಚ್ಚಿನ ಪ್ರಮಾಣದಲ್ಲಿ ಬಂಧನಕ್ಕೆ ಒಳಗಾಗುವ ದೇಶದಲ್ಲಿ ಜೈಲಿನ ದಾಖಲೆ ಬಣ್ಣದ ಜಾಗದಲ್ಲಿ ನಿಂತುಬಿಡುತ್ತದೆ ಎಂಬುದು ಅದರ ಹಿಂದಿನ ವಾದವಾಗಿತ್ತು. ಹಿನ್ನೆಲೆಯ ಬಗ್ಗೆ ವಿಚಾರಿಸುವುದನ್ನೇ ನಿಷೇಧಿಸುವ ಭಾಗ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು 2023ರಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ಹೇಳಿತು.

ಆದರೆ ಜಮೀನಿನ ಬೆಲೆಯ ಮುಂದೆ ಈ ನಿಯಮಗಳೆಲ್ಲ ಚಿಕ್ಕವು. ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ 1970ರ ಹೊತ್ತಿಗೆ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಕಪ್ಪು ಜನರಿದ್ದರು. ಇಂದು ಅವರ ಪ್ರಮಾಣ 20ಕ್ಕಿಂತ ಕಡಿಮೆ. ಯಾರೂ ಅವರನ್ನು ಓಡಿಸಲಿಲ್ಲ. ತಂತ್ರಜ್ಞಾನ ಕಂಪನಿಗಳ ಏಳಿಗೆಯೊಂದಿಗೆ ಸಾವಿರಾರು ಮಂದಿ ಹೆಚ್ಚಿನ ಸಂಬಳದವರು ನಗರಕ್ಕೆ ಬಂದರು, ಪೇಟೆಗೆ ಹತ್ತಿರವಿದ್ದು ಅಗ್ಗವಾಗಿದ್ದ ಜಾಗ ದುಬಾರಿಯಾಯಿತು, ಆಸ್ತಿ ತೆರಿಗೆ ಏರಿತು, ಬಾಡಿಗೆ ಏರಿತು. ಒಂದು ಕಾಲಕ್ಕೆ ಸಾಲ ಕೊಡಲು ಅಪಾಯಕರವೆಂದು ಕೆಂಪು ಬಳಿದಿದ್ದ ನೆಲವೇ ಈಗ ಹೂಡಿಕೆದಾರರ ಕಣ್ಣಿಗೆ ಬಿದ್ದಿತ್ತು.

ಇದಕ್ಕೆ ನಗರದ ಉತ್ತರ ಹಲವು ತುಂಡುಗಳಲ್ಲಿ ಬಂದಿದೆ. ವಸತಿ ಜಮೀನಿನ ಬಹುಪಾಲನ್ನು ಒಂಟಿ ಮನೆಗಳಿಗೆ ಮಾತ್ರ ಮೀಸಲಿಟ್ಟಿದ್ದ ಝೋನಿಂಗ್ ನಿಯಮವನ್ನು 2019ರಲ್ಲಿ ಸ್ವಲ್ಪ ಸಡಿಲಿಸಿ, 27 ಪ್ರದೇಶಗಳಲ್ಲಿ ಎತ್ತರದ ಕಟ್ಟಡಗಳಿಗೆ ಅನುಮತಿ ಕೊಟ್ಟು, ಬದಲಿಗೆ ಬಿಲ್ಡರ್‌ಗಳು ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಬೇಕು ಅಥವಾ ಅದಕ್ಕಾಗಿ ನಿಧಿಗೆ ಹಣ ಕಟ್ಟಬೇಕು ಎಂದು ವಿಧಿಸಲಾಯಿತು. ಒಂಟಿ ಮನೆಗಳ ವಲಯದಲ್ಲಿ ಇದು ತಾಗಿದ್ದು ನೂರಕ್ಕೆ 6ರಷ್ಟು ಜಾಗಕ್ಕೆ ಮಾತ್ರ. ಹಳೆಯ ಷರತ್ತುಗಳ ಬಡಾವಣೆಗಳನ್ನು ಬಹುಮಟ್ಟಿಗೆ ಮುಟ್ಟದೆ, ಬದಲಾವಣೆಯ ಭಾರವನ್ನು ಈಗಾಗಲೇ ಒತ್ತಡದಲ್ಲಿದ್ದ ಪ್ರದೇಶಗಳ ಮೇಲೆ ಹಾಕಿದ ಈ ರಾಜಿಯನ್ನು ನ್ಯಾಯದ ಯೋಜನೆ ಎಂದು ಕರೆಯಲು ಮನಸ್ಸು ಅಳುಕುತ್ತದೆ.

ಇದಕ್ಕಿಂತ ಚಿಕ್ಕದಾದರೂ ಹೆಚ್ಚು ಹದವಾದ ಕೆಲಸ ಸೆಂಟ್ರಲ್ ಡಿಸ್ಟ್ರಿಕ್ಟ್‌ನ ಒಂದು ಮೂಲೆಯಲ್ಲಿ ನಡೆದಿದೆ. ಬೇರೆ ಬ್ಯಾಂಕುಗಳು ಕಪ್ಪು ಜನರಿಗೆ ಸಾಲ ಕೊಡದಿದ್ದ ಕಾಲದಲ್ಲಿ, 1968ರಲ್ಲಿ, ಅವರದೇ ಒಡೆತನದಲ್ಲಿ ಲಿಬರ್ಟಿ ಬ್ಯಾಂಕ್ ಶುರುವಾಗಿತ್ತು. ಆ ಇಡೀ ಪ್ರಾಂತದಲ್ಲಿ ಅಂಥ ಬ್ಯಾಂಕು ಅದೇ ಮೊದಲು. ಬ್ಯಾಂಕ್ ಮುಚ್ಚಿ, ಕಟ್ಟಡ ಕೆಡವಿದ ಮೇಲೆ ಅದೇ ನಿವೇಶನದಲ್ಲಿ 2019ರಲ್ಲಿ 115 ಕಡಿಮೆ ಬಾಡಿಗೆಯ ಮನೆಗಳ ಸಮುಚ್ಚಯ ಎದ್ದಿತು. ಕಾನೂನಿನ ಪ್ರಕಾರ ಕಪ್ಪು ಜನರಿಗೇ ಮನೆ ಎಂದು ಹೇಳುವಂತಿರಲಿಲ್ಲ. ಆದ್ದರಿಂದ ಕಟ್ಟಿದವರು ಚರ್ಚುಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಊರು ಬಿಟ್ಟು ದಕ್ಷಿಣದ ಪಟ್ಟಣಗಳಿಗೆ ಹೋಗಿದ್ದ ಹಳೆಯ ಕುಟುಂಬಗಳಲ್ಲಿ ಸುದ್ದಿ ಹರಡಿದರು. ಅರ್ಜಿ ಎಲ್ಲರಿಗೂ ತೆರೆದಿತ್ತು. ಬಂದು ಸೇರಿದವರಲ್ಲಿ ಬಹುಪಾಲು ಕಪ್ಪು ಜನರೇ ಆಗಿದ್ದರು. ಅದೇ ವರ್ಷ ನಗರಾಡಳಿತ, ಪ್ರದೇಶದೊಂದಿಗೆ ಹಳೆಯ ನಂಟುಳ್ಳವರಿಗೆ ಕೆಲವು ಮನೆಗಳಲ್ಲಿ ಆದ್ಯತೆ ಕೊಡಲು ಅನುದಾನಿತ ಕಟ್ಟಡಗಳಿಗೆ ಅವಕಾಶ ನೀಡಿತು. ಸ್ವಲ್ಪ ದೂರದಲ್ಲಿ ಬಳಕೆ ತಪ್ಪಿದ್ದ ಅಗ್ನಿಶಾಮಕ ಠಾಣೆಯೊಂದನ್ನು ನಗರ ಸಮುದಾಯದ ಭೂ ಟ್ರಸ್ಟ್‌ಗೆ ಹಸ್ತಾಂತರಿಸಿತು. 1882ರಲ್ಲಿ ಅಲ್ಲಿ 12 ಎಕರೆ ಕೊಂಡ ಕಪ್ಪು ಉದ್ಯಮಿ ವಿಲಿಯಂ ಗ್ರೋಸ್ ಅವರ ಹೆಸರು ಈಗ ಆ ಕಟ್ಟಡಕ್ಕಿದೆ. ಕಟ್ಟಡ ಸಮುದಾಯದ ಟ್ರಸ್ಟ್‌ನ ಕೈಯಲ್ಲಿರುವುದರಿಂದ ಬೆಲೆ ಏರಿದರೂ ಯಾರೂ ಜಾಗ ಖಾಲಿ ಮಾಡಬೇಕಾಗಿಲ್ಲ. ತರಬೇತಿ ಶಿಬಿರಗಳಿಗಿಂತ ಒಂದು ನೋಂದಾಯಿತ ಪತ್ರ ಹೆಚ್ಚು ಕಾಲ ಬಾಳುತ್ತದೆ.

ಪೊಲೀಸ್ ಇಲಾಖೆಯ ಕಥೆ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಬಲಪ್ರಯೋಗದ ದೂರುಗಳ ತನಿಖೆಯ ನಂತರ 2012ರಿಂದ ಇಲಾಖೆ ಕೇಂದ್ರ ನ್ಯಾಯಾಲಯದ ನಿಗಾದಲ್ಲಿತ್ತು, ಬಹುಪಾಲು ಷರತ್ತುಗಳು ತೆರವಾದದ್ದು 2023ರಲ್ಲಿ. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ 2020ರಲ್ಲಿ ಎದ್ದ ಪ್ರತಿಭಟನೆಗಳ ಕಾವಿನಲ್ಲಿ, ಖರ್ಚು ಹೇಗಾಗಬೇಕೆಂದು ನಿವಾಸಿಗಳೇ ಮತ ಹಾಕಿ ನಿರ್ಧರಿಸಲೆಂದು ಪರಿಷತ್ತು ಸುಮಾರು 3 ಕೋಟಿ ಡಾಲರ್ ತೆಗೆದಿರಿಸಿತು. ಮತದಾನ ನಡೆಯುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು, ಕಾವು ಆರಿತ್ತು.

ಎದುರು ವಾದಗಳನ್ನು ಕೇಳದೆ ಮುಂದೆ ಹೋಗುವಂತಿಲ್ಲ. ತರಬೇತಿಗಳು ಬಿಳಿಯರನ್ನು ಹುಟ್ಟಿನಿಂದಲೇ ತಪ್ಪಿತಸ್ಥರಂತೆ ನೋಡುತ್ತವೆ ಎಂದು ನಗರದ ಮಾಜಿ ನೌಕರರೊಬ್ಬರು ಹೂಡಿದ ದಾವೆಯನ್ನು ಕೇಂದ್ರ ನ್ಯಾಯಾಲಯ 2025ರಲ್ಲಿ ತಳ್ಳಿಹಾಕಿತು. ಆದರೆ ಅದೇ ವರ್ಷ ಅಧಿಕಾರಕ್ಕೆ ಮರಳಿದ ಟ್ರಂಪ್ ಆಡಳಿತ, ವೈವಿಧ್ಯ ಮತ್ತು ಸಮಾನತೆಯ ಕಾರ್ಯಕ್ರಮಗಳನ್ನು ನಡೆಸುವ ಸಂಸ್ಥೆಗಳಿಗೆ ಕೇಂದ್ರದ ಅನುದಾನ ನಿಲ್ಲಿಸುವ ಆದೇಶಗಳನ್ನು ಹೊರಡಿಸಿತು. ಸಾರಿಗೆ, ವಸತಿ, ಆರೋಗ್ಯಕ್ಕೆ ಕೇಂದ್ರದ ಹಣವನ್ನು ನೆಚ್ಚಿಕೊಂಡ ನಗರಕ್ಕೆ ಇದು ಖಾಲಿ ಬೆದರಿಕೆಯಲ್ಲ. ಕಾರ್ಯಕ್ರಮದ ಹೆಸರನ್ನು ಅಳಿಸುವುದು ಸುಲಭ. ಸರದಿಯ ಪ್ರಕಾರ ದೀಪ ಬದಲಾಯಿಸುವ ನಿಯಮವನ್ನು ಅಳಿಸಲು ಯಾರಿಗೂ ತೋಚುವುದಿಲ್ಲ.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಭಾಗ ಇನ್ನು ಬರುವುದು. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರ ಪರಿಷತ್ತು 6–1 ಮತಗಳಿಂದ, ತನ್ನ ತಾರತಮ್ಯ ವಿರೋಧಿ ಕಾನೂನಿನಲ್ಲಿ ಜನಾಂಗ, ಧರ್ಮ, ಲಿಂಗಗಳ ಸಾಲಿಗೆ ಜಾತಿಯನ್ನೂ ಸೇರಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಮಂಡಿಸಿದವರು ಪುಣೆಯಲ್ಲಿ ಹುಟ್ಟಿದ ಸಮಾಜವಾದಿ ಸದಸ್ಯೆ ಕ್ಷಮಾ ಸಾವಂತ್. ವಿರೋಧಿಸಿದ ಒಬ್ಬರು ಸಾರಾ ನೆಲ್ಸನ್. ಹುಟ್ಟಿನಿಂದ ಬರುವ ಸ್ಥಾನ, ಒಳಮದುವೆ, ಪದ್ಧತಿ ಅಥವಾ ಧರ್ಮದ ಒಪ್ಪಿಗೆಯುಳ್ಳ ಸಾಮಾಜಿಕ ಅಡ್ಡಗೋಡೆಗಳಿಂದ ಕೂಡಿದ ಶ್ರೇಣಿ ವ್ಯವಸ್ಥೆ ಎಂಬರ್ಥದಲ್ಲಿ ಕಾನೂನು ಜಾತಿಯನ್ನು ವಿವರಿಸುತ್ತದೆ. ಉದ್ಯೋಗ, ವಸತಿ, ಸಾರ್ವಜನಿಕ ಸ್ಥಳಗಳು ಅದರ ವ್ಯಾಪ್ತಿಯಲ್ಲಿ ಬರುತ್ತವೆ.

ದಲಿತ ಸಂಘಟನೆಗಳು ಇದನ್ನು ಬಹುಕಾಲದ ಬೇಡಿಕೆಯೆಂದು ಸ್ವಾಗತಿಸಿದವು. ಹಿಂದೂ ಅಮೆರಿಕನ್ ಫೌಂಡೇಶನ್‌ನಂಥ ಸಂಸ್ಥೆಗಳು, ಇದು ದಕ್ಷಿಣ ಏಷ್ಯಾದವರನ್ನು ಮಾತ್ರ ಬೇರ್ಪಡಿಸಿ ಅನುಮಾನದಿಂದ ನೋಡುತ್ತದೆ, ಈಗಿರುವ ಕಾನೂನುಗಳೇ ಸಾಕು ಎಂದು ವಾದಿಸಿದವು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರ ಅದೇ ವರ್ಷ ಇಂಥದೇ ಕಾನೂನು ತಂದರೆ, ಆ ರಾಜ್ಯದ ಶಾಸನಸಭೆ ಅಂಗೀಕರಿಸಿದ ಮಸೂದೆಯನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ ಅಕ್ಟೋಬರ್‌ನಲ್ಲಿ ತಿರಸ್ಕರಿಸಿದರು. ಅವರದೂ ‘ಈಗಿರುವ ಕಾನೂನೇ ಸಾಕು’ ಎಂಬ ಕಾರಣವೇ. ಈ ವಾದ ನನಗೆ ಒಪ್ಪಿತವಲ್ಲ. ಸಹೋದ್ಯೋಗಿ ಮಾಂಸಾಹಾರಿಯೋ ಸಸ್ಯಾಹಾರಿಯೋ, ಊರು ಯಾವುದು, ಮನೆತನದ ಹೆಸರೇನು ಎಂದು ಸುತ್ತಿ ಬಳಸಿ ಜಾತಿ ತಿಳಿದುಕೊಳ್ಳುವ ನಮ್ಮವರ ಕಲೆ, ಜನಾಂಗ ಮತ್ತು ಮೂಲದೇಶ ಎರಡನ್ನೇ ಬಲ್ಲ ಅಮೆರಿಕನ್ ಮಾನವ ಸಂಪನ್ಮೂಲ ಅಧಿಕಾರಿಗೆ ಕಾಣುವುದಿಲ್ಲ. ಇಬ್ಬರೂ ಭಾರತೀಯರು, ಇನ್ನೆಲ್ಲಿಯ ತಾರತಮ್ಯ ಎಂದು ಅವರು ಕಡತ ಮುಚ್ಚುತ್ತಾರೆ. ಕಾನೂನಿನಲ್ಲಿ ಹೆಸರಿದ್ದರೆ ಹಾಗೆ ಮುಚ್ಚುವುದು ಕಷ್ಟ.

ಆದರೂ ಕಾನೂನಿನ ವ್ಯಾಪ್ತಿ ಎಷ್ಟು ಎಂಬುದನ್ನು ತಿಳಿದಿರಬೇಕು. ಅದು ಸಿಯಾಟಲ್ ನಗರದ ಗಡಿಯೊಳಗೆ ಮಾತ್ರ ಅನ್ವಯಿಸುತ್ತದೆ. ಮೈಕ್ರೋಸಾಫ್ಟ್‌ನ ಪ್ರಧಾನ ಕಚೇರಿಯಿರುವ ರೆಡ್ಮಂಡ್ ಮತ್ತು ಪಕ್ಕದ ಬೆಲ್‌ವ್ಯೂ ಬೇರೆ ನಗರಗಳು. ಕನ್ನಡಿಗರೂ ಸೇರಿದಂತೆ ಭಾರತೀಯ ಇಂಜಿನಿಯರುಗಳ ಬಹುದೊಡ್ಡ ನೆಲೆ ವಾಷಿಂಗ್ಟನ್ ಸರೋವರದ ಆಚೆಯ ಆ ದಡದಲ್ಲೇ ಇದೆ. ಇನ್ನು, ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಮ್ಯಾನೇಜರ್ ವಿರುದ್ಧ ದೂರು ಕೊಡುವ ಮುನ್ನ ಅವರು ಮನೆ ಸಾಲವನ್ನೂ ಮಕ್ಕಳ ಶಾಲೆಯನ್ನೂ ನೆನೆಯುತ್ತಾರೆ. ದೂರು ಬಂದರೆ ಮಾತ್ರ ಚಲಿಸುವ ವ್ಯವಸ್ಥೆ ಯಾರನ್ನು ಕತ್ತಲೆಯಲ್ಲಿ ಬಿಡುತ್ತದೆ ಎಂಬುದನ್ನು ಸಿಯಾಟಲ್ ತನ್ನ ಬೀದಿಗಳಲ್ಲಿ ಕಂಡುಕೊಂಡಿತ್ತು. ಜಾತಿಯ ವಿಷಯದಲ್ಲಿ ಅದು ಸದ್ಯಕ್ಕೆ ನಿಂತಿರುವುದು ದೂರಿನ ಪದ್ಧತಿಯ ಮೇಲೆಯೇ.

ಅದನ್ನು ದಾಟಲು ಬೇಕಾದ ಉಪಕರಣ ಅಂಕಿಅಂಶ. ನಗರದ ಪ್ರಶ್ನಾವಳಿ ಇಲಾಖೆಗಳಿಂದ ಕೇಳುವುದೂ ಅದನ್ನೇ, ಮತ್ತು ಬಣ್ಣದ ವಿಷಯದಲ್ಲಿ ಅಮೆರಿಕದ ಜನಗಣತಿ ಅದನ್ನು ಒದಗಿಸುತ್ತದೆ. ಆ ಜನಗಣತಿಯಲ್ಲಿ ಜಾತಿಯ ಕಾಲಂ ಇಲ್ಲ. ಜಾತಿವಾರು ಎಣಿಕೆ ಮಾಡಬೇಕೆ, ಮಾಡಿದ್ದನ್ನು ಪ್ರಕಟಿಸಬೇಕೆ ಎಂದು ಕರ್ನಾಟಕ 2015ರ ಸಮೀಕ್ಷೆಯಿಂದ ಇತ್ತೀಚಿನ ಮರುಸಮೀಕ್ಷೆಯವರೆಗೆ ಹತ್ತು ವರ್ಷ ಜಗಳವಾಡಿದೆ. ಸಿಯಾಟಲ್ ಆ ಜಗಳವನ್ನು ಇನ್ನೂ ಆರಂಭಿಸಿಲ್ಲ. ಜೋಡಿ ಪರೀಕ್ಷಕರನ್ನು ಕಳಿಸುವ ಉಪಾಯವಂತೂ ಜಾತಿಯ ವಿಷಯದಲ್ಲಿ ಸುಲಭವಾಗಿ ನಡೆಯದು. ಮುಖ ನೋಡಿ ಬಣ್ಣ ತಿಳಿಯುವಂತೆ ಜಾತಿ ತಿಳಿಯುವುದಿಲ್ಲ, ಅಡ್ಡಹೆಸರನ್ನೂ ಊರನ್ನೂ ಊಟವನ್ನೂ ಆರಿಸಿ ಇಬ್ಬರು ಪರೀಕ್ಷಕರನ್ನು ಸಜ್ಜುಗೊಳಿಸಲು ಆ ಕಚೇರಿಗೆ ನಮ್ಮ ಸಮಾಜವನ್ನು ಒಳಗಿನಿಂದ ಬಲ್ಲ ಸಿಬ್ಬಂದಿ ಬೇಕಾಗುತ್ತಾರೆ.